ಭಾನುವಾರದ ಬುತ್ತಿ

ಹೊಸಪೇಟೆಯ ಒಂದು ಸೀರೆ ಅಂಗಡಿಯಲ್ಲಿ ನನ್ನ ಕೆಲಸ. ಗಿರಾಕಿಗಳು ಗಾದಿಯ ಮೇಲೆ ಕುಳಿತು ಕೇಳುತ್ತಾರೆ, ನಾವು ನಿಂತು ಸೀರೆ ಬಿಚ್ಚಿ ತೋರಿಸುತ್ತೇವೆ, ಅವರು ಎದ್ದು ಹೋದ ಮೇಲೆ ಮಡಚಿಡುತ್ತೇವೆ. ಆರು ದಿನ ಹೀಗೆ ನಿಂತ ಕಾಲಿಗೆ ಭಾನುವಾರ ಒಂದೇ ಬಿಡುವು. ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯವರ ಕೈಕೆಳಗೆ ಶಿಫ್ಟ್ ಕೆಲಸ ಮಾಡುತ್ತಾನೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಹೈಸ್ಕೂಲಿಗೆ ಹೋಗುವ ಮಗಳು, ಮತ್ತೆ ಅತ್ತೆ.

ಮೊದಲೆಲ್ಲ ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ನಾಲ್ವರೂ ಮಸಾಲೆ ದೋಸೆ ತಿಂದು, ಒಳ್ಳೆಯದಿದ್ದರೆ ಒಂದು ಸಿನಿಮಾ ನೋಡಿ ಬರುತ್ತಿದ್ದೆವು. ಗಂಡನಿಗೆ ಓವರ್‌ಟೈಮ್ ಸಿಗುವುದು ನಿಂತ ವರ್ಷ ಅದೂ ನಿಂತಿತು. ಒಂದು ದಿನ ಕೆಲಸದಿಂದ ಬಂದವನು ಬೂಟು ಬಿಚ್ಚುತ್ತಲೇ ಹೇಳಿದ:

"ಇನ್ಮ್ಯಾಲೆ ಹೋಟ್ಲು, ಸಿನಿಮಾ ಎಲ್ಲಾ ಬಂದ್. ಅದನ್ನೇ ಮನ್ಯಾಗ ಮಾಡ್ಕೊಂಡ್ರ ಭಾಳ ಉಳಿತೈತಿ."

"ಮಸಾಲಿ ದ್ವಾಸಿ?" ಅತ್ತೆ ಕೇಳಿದರು.

"ಮನ್ಯಾಗ ಹಂಚಿಲ್ಲೇನ್ ಬೇ? ನಿನ್ ಸೊಸಿ ಮಾಡ್ತಾಳ."

ನಾನೂ ತಲೆಯಾಡಿಸಿದೆ. ಅವನ ಮುಖ ನೋಡಿದರೆ ಎದುರು ಮಾತಾಡಲು ಮನಸ್ಸಾಗುತ್ತಿರಲಿಲ್ಲ.

ಶುರುವಿನಲ್ಲಿ ಅದೂ ಒಂದು ಸಂಭ್ರಮವೇ. ದೋಸೆ ಮಾಡಿದೆ, ಗೋಬಿ ಮಂಚೂರಿ ಕಲಿತೆ. ಅಕ್ಕಿ ಡಬ್ಬಿಗೆ ಮೊಬೈಲ್ ಆನಿಸಿ ಎಲ್ಲರೂ ಸಿನಿಮಾಕ್ಕೆ ಕುಳಿತರೆ ನಾನು ಅದನ್ನು ಒಲೆಯ ಮುಂದಿನಿಂದ ಕೇಳಿಸಿಕೊಳ್ಳುತ್ತಿದ್ದೆ. "ಅಮ್ಮಾ, ಹೀರೋನ ಜೈಲಿಗೆ ಹಾಕಿದ್ರು!" ಎಂದು ಮಗಳು ಕೂಗಿ ಹೇಳುತ್ತಿದ್ದಳು. ಯಾಕೆ ಹಾಕಿದರೋ ನನಗೆ ಗೊತ್ತಾಗುತ್ತಿರಲಿಲ್ಲ. ಸೋಮವಾರ ಅಂಗಡಿಗೆ ಹೋಗುವಾಗ ಭಾನುವಾರ ಬಂದು ಹೋದದ್ದೇ ನೆನಪಿರುತ್ತಿರಲಿಲ್ಲ.

ಆಮೇಲೆ ಅವನಿಗೆ ಹಂಪಿಯ ಯೋಚನೆ ಬಂತು. "ಎಲ್ಲೆಲ್ಲಿಂದಲೋ ರೊಕ್ಕ ಸುರುವಿ ಬರ್ತಾರ, ನಮಗ ಮನಿ ಬಾಜೂಕ ಐತಿ. ನೀವು ಹೆಣ್ಮಕ್ಕಳು, ನಿಮಗಂತೂ ಬಸ್ ಫ್ರೀ. ಬುತ್ತಿ ಕಟ್ಕೊಂಡು ಹೋಗಾಣ."

ಆ ಭಾನುವಾರ ನಾಲ್ಕೂವರೆಗೆ ಎದ್ದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಚಿತ್ರಾನ್ನ, ಮೊಸರನ್ನ. ಮಗಳು ಕೇಳಿದಳೆಂದು ಮಿರ್ಚಿ ಬಜ್ಜಿಯನ್ನೂ ಕರಿದೆ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಸ್ನಾನ ಮಾಡಿ ಹಾಗೆಯೇ ಹೊರಟ. ಬಸ್ಸಿನಲ್ಲಿ ಅತ್ತೆಗೊಬ್ಬರಿಗೆ ಸೀಟು ಸಿಕ್ಕಿತು.

ಹಂಪಿ ಬಜಾರಿನ ಒಂದು ಕಲ್ಲು ಮಂಟಪದ ನೆರಳಲ್ಲಿ ಬೆಡ್‌ಶೀಟ್ ಹಾಸಿದೆವು. ನಾನು ಬಡಿಸತೊಡಗಿದೆ. ಮಗಳಿಗೆ ಇನ್ನೊಂದು ಮಿರ್ಚಿ, ಗಂಡನಿಗೆ ಚಟ್ನಿ. ನೀರು ಮುಗಿಯಿತೆಂದು ಬಾಟಲಿ ಹಿಡಿದು ನಲ್ಲಿ ಹುಡುಕಿಕೊಂಡು ಹೋದೆ. ತಿರುಗಿ ಬಂದಾಗಲೂ ಅತ್ತೆಯ ತಾಟು ಮುಟ್ಟಿದಂತಿರಲಿಲ್ಲ.

"ಯಾಕ್ರಿ ಅತ್ತಿ, ಉಣ್ಣವಲ್ರಿ?"

"ನೀ ಕುಂದ್ರು ಮೊದ್ಲು."

"ನಂದು ಆಮ್ಯಾಲೆ ಆಗ್ತೈತ್ರಿ."

ಅತ್ತೆ ಮಗನ ಕಡೆ ತಿರುಗಿದರು. "ಲೇ, ಉಳಿತು ಉಳಿತು ಅಂತೀಯಲ್ಲ, ಎಲ್ಲಿಂದ ಉಳಿತು ಅಂತ ನೋಡಿಯೇನು? ಇಕಿ ಮೈಯಿಂದ ಉಳಿತು."

"ಏನ್ ಬೇ ಅದು, ಉಣ್ಣೋ ಹೊತ್ತಿನಾಗ?"

"ನಾ ಹೋಟ್ಲಿಗೆ ದ್ವಾಸಿ ಆಸೆಕ್ಕ ಬರ್ತಿದ್ದೆ ಅನ್ಕೊಂಡಿಯಾ? ನಮ್ಮೂರು ಎಮ್ಮಿಗನೂರಾಗ ದಿನಾ ಗದ್ದಿ ಕೆಲ್ಸ ಮುಗಿಸಿ ಬಂದು ಮನಿ ಮಂದಿಗೆಲ್ಲಾ ರೊಟ್ಟಿ ಬಡದಾಕಿ ನಾನು. ನಿನಗೇನು ಬೇಕು ಅಂತ ನಿಮ್ಮಪ್ಪ ಒಂದಿನ ಕೇಳ್ಲಿಲ್ಲ. ಆ ಹೋಟ್ಲಾಗಿನ ಸಪ್ಲಾಯರ್ ಕೇಳ್ತಿದ್ದ, ಏನ್ ಕೊಡ್ಲಿ ಅಮ್ಮಾ ಅಂತ. ಅದಕ್ಕ ಬರ್ತಿದ್ದೆ."

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಇಷ್ಟು ದಿನ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡ ದಣಿವನ್ನು ಅತ್ತೆ ಬಯಲಲ್ಲಿ ಹರವಿದ್ದರು. ಗಂಡ ಕೈ ತೊಳೆದು ಎದ್ದ. ನಿದ್ದೆ ಇಲ್ಲದೆ ಅವನ ಕಣ್ಣುಗಳು ಕೆಂಪಾಗಿದ್ದವು. ನನ್ನ ಕೈಯಿಂದ ಸೌಟು ತೆಗೆದುಕೊಂಡು, "ಕುಂದ್ರು. ಏನ್ ಹಾಕ್ಲಿ?" ಎಂದ.

ಕುಳಿತೆ. ತಾಟು ಮುಂದೆ ಚಾಚಿದೆ. ಅವನೇ ಒಂದು ರೊಟ್ಟಿ, ಒಂದಿಷ್ಟು ಎಣ್ಣೆಗಾಯಿ ಹಾಕಿದ. ಅರ್ಧ ರೊಟ್ಟಿ ತಿಂದೆನೋ ಇಲ್ಲವೋ, ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ಬಿಸಿಲು ಮಂಟಪದ ಒಳಗೆ ಬಂದಿತ್ತು. ಗಂಡನೂ ಕಂಬಕ್ಕೆ ಒರಗಿ ಬಾಯಿ ತೆರೆದು ಮಲಗಿದ್ದ. ಅಜ್ಜಿ ಮೊಮ್ಮಗಳು ಡಬ್ಬಿಗಳನ್ನೆಲ್ಲ ಕಟ್ಟಿಟ್ಟು ನಮ್ಮನ್ನು ಎಬ್ಬಿಸದೆ ಕಾಯುತ್ತಿದ್ದರು.

ಆಮೇಲೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಎರಡು ಭಾನುವಾರ ಅವನು ಅವಲಕ್ಕಿ ಒಗ್ಗರಣೆ ಹಾಕಿದ, ಚೆನ್ನಾಗಿಯೇ ಇತ್ತು. ಮೂರನೆಯ ಭಾನುವಾರ ಅವನಿಗೆ ಕೆಲಸ ಬಿತ್ತು. ಥಿಯೇಟರಿನ ಸಿನಿಮಾ ಕಾಯಂ ನಿಂತೇಹೋಯಿತು. ಹೋಟೆಲ್ ಮಾತ್ರ ತಿಂಗಳಿಗೊಮ್ಮೆ ಮತ್ತೆ ಶುರುವಾಯಿತು, ಅದೂ ಅತ್ತೆಗೆ ಮತ್ತು ನನಗೆ. "ನೀವಿಬ್ರು ಹೋಗಿ ಬರ್ರಿ, ನಾವು ಮನ್ಯಾಗ ಏನರ ಮಾಡ್ಕೊಂತೀವಿ," ಎಂದ. ಇಬ್ಬರೇ ಹೋದರೆ ಖರ್ಚು ಕಡಿಮೆ ಎಂದು ಹಾಗೆ ಹೇಳಿದನೋ, ಅವ್ವನ ಮಾತು ಮನಸ್ಸಿಗೆ ನಾಟಿತ್ತೋ, ನಾನು ಕೇಳಲಿಲ್ಲ.

ಈಗ ಅತ್ತೆಯ ಮಂಡಿ ಪೂರ್ತಿ ಸೋತಿದೆ. ಹೋದ ತಿಂಗಳು ಹೋಟೆಲಿನ ಮೆಟ್ಟಿಲ ಬಳಿ ನಿಂತು, "ಪಾರ್ಸಲ್ ತರ್ಲೇನ್ರಿ ಅತ್ತಿ?" ಎಂದೆ. "ಬ್ಯಾಡ," ಎಂದು ನನ್ನ ಭುಜ ಹಿಡಿದರು. ಒಂದೊಂದೇ ಮೆಟ್ಟಿಲು ಹತ್ತಿದೆವು. ಹಿಂದೆ ಬಂದವರು ಪಕ್ಕಕ್ಕೆ ಸರಿದು ಮುಂದೆ ಹೋದರು. ಒಳಗೆ ಫ್ಯಾನಿನ ಕೆಳಗೆ ಜಾಗ ಸಿಕ್ಕಿತು. ಉಸಿರು ಹದಕ್ಕೆ ತಂದುಕೊಳ್ಳುತ್ತ, ಸಪ್ಲಾಯರ್ ಬಂದು ಕೇಳಲಿ ಎಂದು ಇಬ್ಬರೂ ಕುಳಿತೆವು.