ಹಿಂದಿನ ಚಕ್ರ ಬಂದ ದಾರಿ

ಅರವತ್ತು ದಾಟಿದ ಮನುಷ್ಯನ ಮನಸ್ಸು ನೆಲದ ಗೊಡವೆ ಬಿಟ್ಟು ಮೇಲಕ್ಕೆ ಏಳಬೇಕು ಎಂದು ಬಲ್ಲವರು ಅಪ್ಪಣೆ ಕೊಡಿಸಿದ್ದಾರೆ. ನಮ್ಮ ಪಕ್ಕದ ಮನೆಯ ಡ್ರೈವರಣ್ಣನಿಗೆ ಆ ಅಪ್ಪಣೆ ತಲುಪಿರಲಿಲ್ಲ. ಅವರು ವಿಮಾನವನ್ನು ಕೂಡ ನೆಲ ಬಿಟ್ಟು ಏಳಗೊಟ್ಟವರಲ್ಲ.

ಅವರ ಬಲಗೈಯದು ಒಂದು ಬಣ್ಣ, ಎಡಗೈಯದು ಇನ್ನೊಂದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಂದು ಮೂವತ್ತು ವರ್ಷ ಬಸ್ಸಿನ ಕಿಟಕಿಗೆ ಆನಿಕೊಂಡು ಬಿಸಿಲು ಕುಡಿದ ಬಲಗೈ ಬರೀ ಡಿಕಾಕ್ಷನ್. ಒಳಗೆ ನೆರಳಲ್ಲಿ ಗೇರು ಬದಲಿಸಿಕೊಂಡಿದ್ದ ಎಡಗೈ ಅದಕ್ಕೇ ಹಾಲು ಬೆರೆಸಿದ ಹಾಗೆ. ಕೈಮುಗಿದರೆ ಇಬ್ಬರು ಸೇರಿ ಒಂದು ನಮಸ್ಕಾರ ಮಾಡಿದಂತೆ ಕಾಣುತ್ತಿತ್ತು.

ನಿವೃತ್ತರಾದ ಮೇಲೂ ಅವರು ನಡೆಯುತ್ತಿರಲಿಲ್ಲ, ಚಲಾಯಿಸುತ್ತಿದ್ದರು. ನಮ್ಮ ಗೇಟಿಗೆ ಬರಬೇಕಾದರೆ ಮೊದಲು ಬೀದಿಯ ಆಚೆ ಮಗ್ಗುಲಿಗೆ ಸರಿದು, ಗೇಟನ್ನು ಒಂದು ಹೆಜ್ಜೆ ದಾಟಿ, ಆಮೇಲೆ ತಿರುಗಿ ಒಳಗೆ ಬರುವರು. "ಅಲ್ಲಾ, ನೀವು ನಮ್ಮನೇಗೆ ಬರ್ತಿದೀರೋ ಎದುರುಮನೇಗೋ ಒಂದೂ ಗೊತ್ತಾಗಲ್ಲವಲ್ಲ" ಎಂದು ನನ್ನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು.

"ಇಂದ್ಲು ಚಕ್ರ ನೋಡ್ಕಬೇಕು ಕಣ್ ತಾಯಿ" ಎಂದರು ಡ್ರೈವರಣ್ಣ. "ಮುಂದ್ಲು ಚಕ್ರ ನಾವು ತಿರುಗ್ಸಿದ ಕಡೀಕೆ ಓಯ್ತದೆ. ಇಂದ್ಲುದು ಅದ್ರ ಪಾಡಿಗೆ ಒಳೀಕೆ ಬತ್ತದೆ."

ಇದನ್ನು ಅವರು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದರು. ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಡುತ್ತಿದ್ದ ನಾನು ದಿನಕ್ಕೆರಡು ಸಲ ತಲೆಯಾಡಿಸುತ್ತಿದ್ದೆ. ಅರ್ಥವಾಗಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಪ್ರಶ್ನೆಪತ್ರಿಕೆ ಟೈಪು ಮಾಡುವ ಘನ ಉದ್ದೇಶದಿಂದ ನಾನೊಂದು ಕಂಪ್ಯೂಟರ್ ಕೊಂಡೆ. ಹಾಸನದ ಅಂಗಡಿಯವನು ಅದರಲ್ಲಿ ವಿಮಾನ ಓಡಿಸುವ ಆಟವೊಂದನ್ನು ಬಿಟ್ಟಿಯಾಗಿ ತುಂಬಿ ಕೊಟ್ಟ. ಪ್ರಶ್ನೆಪತ್ರಿಕೆಗಳು ಕೈಬರಹದಲ್ಲೇ ಉಳಿದವು. ಒಂದು ಭಾನುವಾರ ಬೆಳಿಗ್ಗೆ, ನೂರಾರು ಜನ ಕೂರುವ ದೊಡ್ಡ ವಿಮಾನವನ್ನು ರನ್‌ವೇ ಕಡೆಗೆ ತಿರುಗಿಸುತ್ತಿದ್ದೆ. ಕೈಯಲ್ಲಿದ್ದ ಜಾಯ್‌ಸ್ಟಿಕ್ ಎಂಬ ಕಡ್ಡಿಯನ್ನು ತಿರುಚಿದರೆ ಸಾಕು, ವಿಮಾನ ತಿರುಗುತ್ತಿತ್ತು. ಡ್ರೈವರಣ್ಣ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ನಿಲ್ಸಿ ಸಾ ಗಾಡೀನ!"

ಬೆಚ್ಚಿಬಿದ್ದು ನಿಲ್ಲಿಸಿದೆ.

"ಇದೇನ್ ಗಾಡಿನೋ ಬುಗುರಿನೋ? ಇಷ್ಟುದ್ದದ ಗಾಡಿ ನಿಂತ್ ಜಾಗ್ದಲ್ಲೇ ಗಿರಗಿರ ಅಂತದಲ್ಲ, ಇಂದ್ಲು ಚಕ್ರ ಏನ್ ಸತ್ತೋಗದಾ?"

"ಆಟ ಅಲ್ವೇ ಡ್ರೈವರಣ್ಣ, ಹೋಗಲಿ ಬಿಡಿ. ಈಗ ಹಾರ್ತದೆ ನೋಡಿ."

"ಆರೋದ್ ಆಮ್ಯಾಲೆ. ನೆಲದ್ ಮ್ಯಾಲೆ ನೆಟ್ಟಗೆ ತಿರುಗ್ಸಕ್ ಬರ್ದೋನು ಆಕಾಸ್ದಲ್ಲಿ ಏನ್ ಕಡಿದಾನು?" ಎಂದವರು ಸ್ವಲ್ಪ ಹೊತ್ತು ಪರದೆಯನ್ನೇ ದಿಟ್ಟಿಸಿದರು. ಆಮೇಲೆ ದನಿ ತಗ್ಗಿಸಿ, "ಇದು ಆ ಆಫೀಸರ್ ಬರೆದ ಗಾಡಿ ಕಣ್ ಸಾ" ಎಂದರು.

ಮನೆಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಕಾಗದವೊಂದನ್ನು ತಂದರು. ಅವರ ಮೇಲೆ ನಡೆದ ವಿಚಾರಣೆಯ ನಕಲು. ಯಾವ ಡಿಪೋ ಎಂದು ನಾನು ಹೇಳುವುದಿಲ್ಲ. ಎಲ್ಲ ಡಿಪೋಗಳೂ ತಮ್ಮದೇ ಎಂದುಕೊಂಡು ನಾಚಲಿ.

ನಡೆದದ್ದಿಷ್ಟು. ತೊಂಬತ್ತರ ದಶಕದಲ್ಲಿ ಒಂದು ದಿನ, ಒಂದು ಪೇಟೆಯ ಇಕ್ಕಟ್ಟಾದ ಎಡತಿರುವು. ಬಲಗಡೆ ಸಿಮೆಂಟು ಇಳಿಸುತ್ತ ನಿಂತ ಲಾರಿ, ಆದ್ದರಿಂದ ಬಸ್ಸನ್ನು ಅಗಲವಾಗಿ ಹೊರಳಿಸಿಕೊಳ್ಳಲು ಜಾಗವಿಲ್ಲ. ಎಡಗಡೆ ಸೋಡಾ ಅಂಗಡಿಯವನು ಆ ವಾರವಷ್ಟೇ ಚರಂಡಿಯ ಮೇಲೆ, ರಸ್ತೆಗೆ ಚಾಚಿಕೊಂಡಂತೆ ಹಾಸಿದ್ದ ಕಲ್ಲುಚಪ್ಪಡಿ. ಡ್ರೈವರಣ್ಣ ಹಾರ್ನ್ ಹೊಡೆದರು, ಲಾರಿ ಕದಲಲಿಲ್ಲ. ಹಿಂದೆ ಜನ ಬೊಬ್ಬೆ ಹೊಡೆದರು, ಕಂಡಕ್ಟರು "ರೈಟ್, ರೈಟ್" ಎಂದ. ತಿರುಗಿಸಿದರು. ಮುಂದಿನ ಚಕ್ರ ದಾಟಿತು. ಹಿಂದಿನ ಎಡಚಕ್ರ ಒಳಕ್ಕೆ ಸರಿದು ಚಪ್ಪಡಿ ಹತ್ತಿತು, ಚಪ್ಪಡಿ ಮುರಿದು ಚಕ್ರ ಚರಂಡಿಗಿಳಿಯಿತು. ಎರಡು ಕ್ರೇಟು ಸೋಡಾ ಹುತಾತ್ಮವಾಯಿತು. ಬೇರೆ ಯಾರಿಗೂ ಒಂದು ಗೀರಿಲ್ಲ.

ವಿಚಾರಣಾಧಿಕಾರಿಗಳು ಘಟನೆಯ ನಕ್ಷೆ ಬರೆದಿದ್ದರು. ನಲವತ್ತು ಅಡಿಗೆ ಸಮೀಪದ ಬಸ್ಸು ಅದರಲ್ಲಿ ಒಂದೇ ಒಂದು ಕೆಂಪು ಗೆರೆ. ಗೆರೆ ತಿರುವಿನಲ್ಲಿ ಸೊಗಸಾಗಿ ಬಳುಕಿ ಆಚೆ ಹೋಗಿತ್ತು. ಕೆಳಗೆ ತೀರ್ಪು: "ಮುಂಚಕ್ರವು ಸುರಕ್ಷಿತವಾಗಿ ಸಾಗಿದ ಮಾರ್ಗದಲ್ಲಿಯೇ ಹಿಂಚಕ್ರವನ್ನು ಸಾಗಿಸದಿರುವುದು ಚಾಲಕನ ನಿರ್ಲಕ್ಷ್ಯ."

ಹಿಂಚಕ್ರವನ್ನು ಬೇರೆಯಾಗಿ ಸಾಗಿಸಬಹುದಾದ ಬಸ್ಸು ಯಾವ ಕಾರ್ಖಾನೆಯಲ್ಲಿ ಸಿಗುತ್ತದೆ ಎಂಬುದನ್ನು ಆ ಮಹನೀಯರು ನಮೂದಿಸಿರಲಿಲ್ಲ. ನನಗೆ ಮೈ ಉರಿಯಿತು. ಮೂರು ವಾರದಿಂದ ನಾನೂ ವಿಮಾನವನ್ನು ಹಾಗೆಯೇ, ಒಂದು ಚುಕ್ಕೆಯೆಂಬಂತೆ, ತಿರುಗಿಸಿಕೊಂಡು ಖುಷಿಪಟ್ಟಿದ್ದೆನೆಂಬುದು ನೆನಪಾಗಿ ಇನ್ನೂ ಉರಿಯಿತು.

"ಆಗಲೇ ಹೇಳಬಾರದಿತ್ತೇ?"

"ಏಳ್ದೆ ಸಾ. ಬೆಂಕಿಪೊಟ್ಣ ಇಟ್ಟು, ತಿರುಗ್ಸಿ ತೋರಿಸ್ದೆ. 'ಟೇಬಲ್ ಮೇಲೆ ಬೆಂಕಿಪೊಟ್ಣ ಇಡಬೇಡ, ಇದು ಕಚೇರಿ' ಅಂದ್ರು."

ನಿವೃತ್ತಿಯ ದಿನ, ಅಪಘಾತವಿಲ್ಲದೆ ಓಡಿಸಿದ ಚಾಲಕರನ್ನು ವೇದಿಕೆಗೆ ಕರೆದು ಹಾರ ಹಾಕಿದರಂತೆ. ಇವರು ಕೆಳಗೆ ನಿಂತು, ಆ ಎರಡು ಬಣ್ಣದ ಕೈಗಳಿಂದ ಚಪ್ಪಾಳೆ ತಟ್ಟಿ ಬಂದರು. "ಆರ ಬ್ಯಾಡ ಸಾ ನಂಗೆ. ಆ ನಿರ್ಲಕ್ಷ್ಯ ಅನ್ನೋ ಮಾತೊಂದ ತೆಗ್ದಾಕಿದ್ರೆ ಸಾಕಿತ್ತು."

ಮುಂದಿನ ವಾರ ಹಾಸನಕ್ಕೆ ಹೋದಾಗ ಇಂಟರ್‌ನೆಟ್ ಅಂಗಡಿಯಲ್ಲಿ ಆ ಆಟದ ರೋಗಕ್ಕೆ ಮದ್ದೇನಾದರೂ ಇದೆಯೇ ಎಂದು ಹುಡುಕಿಸಿದೆ. ಪ್ರಪಂಚದ ಯಾವುದೋ ಮೂಲೆಯಲ್ಲಿ ನಮ್ಮ ಡ್ರೈವರಣ್ಣನಷ್ಟೇ ಸಿಟ್ಟು ಬಂದವನೊಬ್ಬ ಇದ್ದ. ಆಟದ ವಿಮಾನಗಳು ನೆಲದ ಮೇಲೆ ನಿಜವಾದ ವಿಮಾನದಂತೆ ತಿರುಗಲಿ ಎಂದು ಒಂದು ಸಣ್ಣ ಫೈಲು ಬರೆದು ಜಗತ್ತಿಗೆ ದಾನ ಮಾಡಿದ್ದ. ಬಸ್ಸಿನ ಕುಲುಕಾಟಕ್ಕೆ ಫ್ಲಾಪಿಗಳು ಪ್ರಾಣ ಬಿಡುವ ಕಾಲ ಅದು. ಒಂದು ಸತ್ತರೂ ಇನ್ನೊಂದಿರಲೆಂದು ಆ ಫೈಲನ್ನು ಎರಡರಲ್ಲಿ ತುಂಬಿಸಿಕೊಂಡು ಬಂದೆ. ಆಟಕ್ಕೆಂದೇ ಮಾಡಿದ, ಮೇಜಿಗೆ ಕಚ್ಚಿಸುವ ಸ್ಟೇರಿಂಗೊಂದನ್ನೂ ತಂದೆ.

ಆ ಪುಣ್ಯಾತ್ಮನ ಟಿಪ್ಪಣಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ದೊಡ್ಡ ವಿಮಾನದಲ್ಲಿ ಕಾಲಿನ ಪೆಡಲು ಒತ್ತಿದರೆ ಮುಂದಿನ ಚಕ್ರ ತಿರುಗುವುದು ಅಷ್ಟಿಷ್ಟೇ. ತಿರುವಿಗೆಂದು ಪೈಲಟ್ಟಿನ ಪಕ್ಕದಲ್ಲಿ ಪುಟ್ಟದೊಂದು ಕೈಚಕ್ರ ಇರುತ್ತದೆ. ವೇಗದಲ್ಲಿ ಅದನ್ನು ತಿರುಗಿಸಿದರೆ ಚಕ್ರ ಜಾರಿ ವಿಮಾನ ನೆಟ್ಟಗೇ ಹೋಗುತ್ತದೆ, ಆದ್ದರಿಂದ ನಿಧಾನ. ಪೈಲಟ್ಟು ಕೂರುವುದು ಮುಂದಿನ ಚಕ್ರಕ್ಕಿಂತ ಮುಂದೆ. ತಿರುವು ಬಂದಾಗ ವಿಮಾನದ ಮೂಗು ದಾರಿಯ ನಡುವೆ ಬಳಿದ ಹಳದಿ ಗೆರೆಯನ್ನು ದಾಟಿ ಹೋಗಲು ಬಿಟ್ಟು, ಆಮೇಲೆ ತಿರುಗಿಸಬೇಕು. ಇಲ್ಲದಿದ್ದರೆ ಹಿಂದಿನ ಚಕ್ರಗಳು ಒಳಕ್ಕೆ ಸರಿದು ಹುಲ್ಲಿಗೆ ಇಳಿಯುತ್ತವೆ.

"ಇನ್ನೊಂದ್ ಸಲ ಓದಿ."

ಓದಿದೆ.

"ಅಂಗಾದ್ರೆ ಅವ್ನೂ ಡ್ರೈವರ್ರೇ!" ಎಂದರು ಡ್ರೈವರಣ್ಣ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವರು ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುವರು. ನಿಲ್ದಾಣದ ಕಟ್ಟಡದಿಂದ ಹೊರಟು, ಎಲ್ಲ ತಿರುವುಗಳನ್ನೂ ಅಗಲವಾಗಿ ದಾಟಿ, ರನ್‌ವೇ ಬಾಯಿಗೆ ಹೋಗಿ ನಿಲ್ಲುವರು. ಅಲ್ಲಿಂದ ಹೊರಳಿಸಿಕೊಂಡು ವಾಪಸು. ಒಂದೇ ಒಂದು ಸಲವೂ ಹುಲ್ಲು ಮುಟ್ಟಲಿಲ್ಲ.

"ಇವತ್ತಾದರೂ ಹಾರಿತೇ?" ಎಂದು ನನ್ನ ಹೆಂಡತಿ ಕಾಫಿ ತಂದಿಟ್ಟು ಕೇಳುವಳು.

"ಇಲ್ಲ ತಾಯಿ. ಪ್ಯಾಸೆಂಜರ್ಸು ಇನ್ನೂ ಒಳೀಕೆ ಅತ್ತುತಾವ್ರೆ."

ಒಂದು ಭಾನುವಾರ ಮಾತ್ರ, "ಈಗ ಆ ಆಫೀಸರ್ ಗೆರೆ ಮ್ಯಾಲೇ ಓಡಿಸ್ತೀನಿ, ನೋಡಿ" ಎಂದರು. ಇಕ್ಕಟ್ಟಾದ ಎಡತಿರುವಿನಲ್ಲಿ ಮುಂದಿನ ಚಕ್ರವನ್ನು ಹಳದಿ ಗೆರೆಯ ಮೇಲೆ ಕೂದಲೆಳೆಯೂ ತಪ್ಪದಂತೆ ನಡೆಸಿದರು. ವಿಮಾನದ ಎಡಗಡೆ ಹಿಂಚಕ್ರಗಳು ಡಾಂಬರು ಬಿಟ್ಟು ಹುಲ್ಲಿನೊಳಕ್ಕೆ ಹೋದವು. ಬ್ರೇಕು ಹಾಕಿ ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ಇದ್ನ ಒಂದ್ ಪ್ರಿಂಟ್ ತೆಗೀರಿ ಸಾ."

ಮೇಲಿನಿಂದ ಕಾಣುವ ಚಿತ್ರವನ್ನು ಪ್ರಿಂಟ್ ತೆಗೆದೆ. ನನ್ನ ಹಳೇ ಪ್ರಿಂಟರಿನ ಪಾಲಿಗೆ ಹುಲ್ಲೂ ಡಾಂಬರೂ ಒಂದೇ ಬೂದಿ; ಎರಡರ ನಡುವಿನ ಅಂಚನ್ನು ನಾನೇ ಹಸಿರು ಪೆನ್ನಿನಲ್ಲಿ ತಿದ್ದಿದೆ. ನಿರ್ಲಕ್ಷ್ಯ ಎಂಬ ಮಾತನ್ನು ತೆಗೆದುಹಾಕಬೇಕೆಂದು ಬಸ್ಸಿನ ಕಚೇರಿಗೆ ಮನವಿ ಬರೆದೆ. ಬಸ್ಸಿನ ಉದ್ದ, ಎರಡು ಚಕ್ರಗಳ ನಡುವಿನ ಅಂತರ, ತಿರುವಿನ ಅಳತೆ, ಎಲ್ಲವನ್ನೂ ಹಿಡಿದು ಮೂರು ಪುಟ ರೇಖಾಗಣಿತ ಲಗತ್ತಿಸಿದೆ. ಒಂಬತ್ತನೇ ಕ್ಲಾಸಿನವರಿಗೂ ಅರ್ಥವಾಗುವಂತಿತ್ತು. ಅಲ್ಲಿಯೇ ನಾನು ಎಡವಿದ್ದು. ಅದನ್ನು ಒಂಬತ್ತನೇ ಕ್ಲಾಸಿನವರಿಗೆ ಕಳಿಸಲಿಲ್ಲ.

ಏಳು ತಿಂಗಳ ಮೇಲೆ ಉತ್ತರ ಬಂತು. "ಲಗತ್ತಿಸಿರುವ ಚಿತ್ರವು ವಿಮಾನದ್ದಾಗಿದ್ದು, ವಿಮಾನಗಳು ಈ ಕಚೇರಿಯ ವ್ಯಾಪ್ತಿಗೆ ಬಾರದ ಕಾರಣ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ."

ಮೂರು ಪುಟದ ಬಗ್ಗೆ ಒಂದಕ್ಷರವಿಲ್ಲ. ಮೂವತ್ತು ವರ್ಷ ಜನರನ್ನು ಕ್ಷೇಮವಾಗಿ ಇಳಿಸಿದ ಮನುಷ್ಯನ ಬಗ್ಗೆಯೂ ಇಲ್ಲ. ನಾನು ಕಾಗದ ಹಿಡಿದು ಕೂಗಾಡಿದೆ. ಆ ಕಚೇರಿಯ ಸಮಸ್ತರನ್ನೂ ಒಂದು ಬಸ್ಸಿಗೆ ತುಂಬಿ, ಅವರ ಗೆರೆಯ ಮೇಲೇ ಓಡಿಸಿ ತೋರಿಸುತ್ತೇನೆ ಎಂದೆ. ನನಗೆ ಸೈಕಲ್ಲಿಗಿಂತ ದೊಡ್ಡದು ಬರುವುದಿಲ್ಲ.

ಡ್ರೈವರಣ್ಣ ಕಾಗದವನ್ನು ಇಸಿದುಕೊಂಡು ಮಡಿಚಿದರು. "ಓಗ್ಲಿ ಬಿಡಿ ಸಾ. ವಿಮಾನ ನಮ್ದಲ್ಲ ಅಂದವ್ರೆ, ಅಷ್ಟೇ ತಾನೆ? ತಪ್ಪು ಇವ್ನದೇ ಅಂತ ಇನ್ನೊಂದ್ ಸಲ ಬರೀಲಿಲ್ವಲ್ಲ." ಅದೇ ಪ್ಲಾಸ್ಟಿಕ್ ಕವರಿಗೆ ಅದನ್ನೂ ಸೇರಿಸಿದರು. "ನಡೀರಿ, ಕಂಪ್ಯೂಟ್ರು ಆಕಿ. ಟೈಮ್ ಆಗೋಯ್ತು."

ಆಮೇಲೆ ನಾನು ನಾಲ್ಕು ಸಲ ಬರೆದೆ. ಉತ್ತರ ಬರಲಿಲ್ಲ.

ಅವರು ಹೋದದ್ದು ಎರಡು ವರ್ಷದ ಮೇಲೆ, ಹಾಸನದ ಆಸ್ಪತ್ರೆಯಲ್ಲಿ. ದೇಹ ತಂದ ಉದ್ದದ ವ್ಯಾನು ನಮ್ಮ ಬೀದಿಯ ತಿರುವಿನಲ್ಲಿ ನಿಂತಿತು. ಸುತ್ತ ನೆರೆದವರೆಲ್ಲ ಮುಂದಿನಿಂದ "ಬಾ, ಬಾ" ಎಂದು ಕೈಬೀಸುತ್ತಿದ್ದರು. ನಾನು ಹಿಂದಕ್ಕೆ ಹೋಗಿ ಎಡಚಕ್ರದ ಪಕ್ಕ ನಿಂತುಕೊಂಡೆ. "ಇನ್ನೂ ಮುಂದಕ್ಕೆ ಹೋಗಪ್ಪಾ. ದಾಟಿಸು. ಹಾಂ, ಈಗ ತಿರುಗಿಸು" ಎಂದೆ. ಅರವತ್ತರ ಹತ್ತಿರ ಬಂದ ರೇಖಾಗಣಿತದ ಮೇಷ್ಟರು ವ್ಯಾನು ತಿರುಗಿಸಿಕೊಡುವುದನ್ನು ಜನ ನಿಂತು ನೋಡಿದರು. ವ್ಯಾನು ಯಾರ ಕಾಂಪೌಂಡನ್ನೂ ತಾಕದೆ ಒಳಗೆ ಬಂತು.

ಆ ಪೇಟೆಯ ತಿರುವಿನಲ್ಲಿ ಆಮೇಲೆ ಮತ್ತೆ ಹಾಸಿದ್ದ ಚಪ್ಪಡಿಗಳನ್ನು, ದೊಡ್ಡ ವಾಹನಗಳಿಗೆ ಜಾಗ ಸಾಲದೆಂಬ ಕಾರಣಕ್ಕೆ, ಮರುವರ್ಷ ಕಿತ್ತು ಒಳಕ್ಕೆ ಸರಿಸಿದರು. ಡ್ರೈವರಣ್ಣನ ಸೇವಾ ಪುಸ್ತಕದಲ್ಲಿ ನಿರ್ಲಕ್ಷ್ಯ ಎಂಬ ನಮೂದು ಹಾಗೆಯೇ ಇದೆ.