ಓರೆನೋಟ ಮತ್ತು ಒತ್ತಕ್ಷರ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಹೆಂಗಸನ್ನು ಅಲ್ಲಿನವರೆಲ್ಲ ಗಾಜಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ. ದುಂಡಗಿನ ಗಾಜನ್ನು ತಿರುಗುವ ಕಲ್ಲಿಗೆ ಒತ್ತಿಹಿಡಿದು, ಮೇಲಿಂದ ಸಣ್ಣಗೆ ನೀರು ಬಿಡುತ್ತ, ಫ್ರೇಮಿನ ಅಳತೆಗೆ ತರಬೇಕು. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ಕೂರುವುದಿಲ್ಲ, ಅಷ್ಟೇ ಕಡಿಮೆಯಾದರೆ ನಿಲ್ಲುವುದಿಲ್ಲ. ಸಂಜೆಯ ಹೊತ್ತಿಗೆ ಅವಳ ಬೆರಳ ತುದಿಗಳು ಬಿಳಿ ಹಿಟ್ಟು ಮೆತ್ತಿದಂತೆ ಆಗಿರುತ್ತಿದ್ದವು.

ಕೆಲಸ ಕಲಿಸಿದ ಗುಣವೋ, ಹುಟ್ಟುಗುಣವೋ, ಗಾಜಕ್ಕ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಅಂಗಡಿಯ ಗಡಿಯಾರವನ್ನೂ ತನ್ನ ಕೈಗಡಿಯಾರದ ಜೊತೆ ತಾಳೆ ನೋಡುವಳು. ಯಾರಾದರೂ ಸೀರೆ ಚೆನ್ನಾಗಿದೆ ಅಂದರೆ, ಇವರಿಗೀಗ ನನ್ನಿಂದ ಏನಾಗಬೇಕಿದೆ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುವಳು. ಅವಳ ಅಪ್ಪ ಹೇಳುತ್ತಿದ್ದ ಮಾತೂ ಅಂಥದ್ದೇ: "ಬಿಟ್ಟಿ ಸಿಕ್ಕಿದ ಹಣ್ಣಲ್ಲಿ ಹುಳ ಇರುತ್ತೆ ಮಗಳೇ. ಕಚ್ಚೋ ಮುಂಚೆ ಬಿಡಿಸಿ ನೋಡು."

ಇಂಥವಳು ಕಥೆ ಬರೆಯಲು ಕೂತದ್ದು ಸಿಟ್ಟಿನಿಂದ. ಅವಳು ಮೂರು ವರ್ಷ ತಪ್ಪದೆ ನೋಡಿದ ಧಾರಾವಾಹಿಯೊಂದಿತ್ತು. ಸಮುದ್ರದಂಚಿನ ದೀಪಸ್ತಂಭದಲ್ಲಿ ಒಬ್ಬ ಕಾವಲುಗಾರ, ಅವನ ವಿಧವೆ ತಂಗಿ, ಆಗಾಗ ಬಂದುಹೋಗುವ ಕಳ್ಳಸಾಗಣೆಯವರು. ತಂಗಿಯ ಗಂಡನನ್ನು ಕೊಂದವರು ಯಾರೆಂದು ಹೇಳದೆ ಧಾರಾವಾಹಿ ಒಂದು ವಾರ ಏಕಾಏಕಿ ನಿಂತುಹೋಯಿತು. ಗಾಜಕ್ಕನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಯಾರಾದರೂ ಏನಾದರೂ ಹೇಳಿಯಾರೆಂದು ಫೋನಿನಲ್ಲಿ ಹುಡುಕುತ್ತ ಹೋದಾಗ ಸಿಕ್ಕಿದ್ದು ಆ ಧಾರಾವಾಹಿಯ ಅಭಿಮಾನಿಗಳ ಬಳಗ. ನಾಲ್ಕುನೂರು ಚಿಲ್ಲರೆ ಜನ, ಯಾರದೂ ನಿಜವಾದ ಹೆಸರಲ್ಲ, ಒಬ್ಬೊಬ್ಬರೂ ತಮ್ಮ ತಮ್ಮ ಕೊಲೆಗಾರನನ್ನು ಹಿಡಿದು ಕಥೆ ಬರೆದು ಅಲ್ಲಿ ಹಾಕುತ್ತಿದ್ದರು. ಎಲ್ಲ ಓದಿದ ಗಾಜಕ್ಕನಿಗೆ ಅನ್ನಿಸಿತು, ಇವರು ಯಾರೂ ಸರಿಯಾಗಿ ಅನುಮಾನ ಪಡುತ್ತಿಲ್ಲ. 'ಓರೆನೋಟ' ಎಂಬ ಹೆಸರಿಟ್ಟುಕೊಂಡು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನಿನಲ್ಲೇ ಒತ್ತಿ ಒತ್ತಿ, ಮೊದಲ ಕಥೆ ಬರೆದಳು. ಮನೆಯಲ್ಲಿ ಹೇಳಲಿಲ್ಲ, ಅಂಗಡಿಯಲ್ಲೂ ಹೇಳಲಿಲ್ಲ.

ಮೂರು ಜನ 'ಸೂಪರ್' ಎಂದು ಬರೆದರು. ನಾಲ್ಕನೆಯವರು 'ಒತ್ತಕ್ಷರ' ಎಂಬ ಹೆಸರಿನವರು. ಅವರು ಸೂಪರ್ ಅನ್ನಲಿಲ್ಲ. ಹನ್ನೆರಡು ಕಾಗುಣಿತದ ತಪ್ಪುಗಳನ್ನು ಸಾಲಾಗಿ ಬರೆದು, ಕೊನೆಗೆ ಸೇರಿಸಿದ್ದರು: "ಕೊನೆಯ ಪ್ಯಾರಾದಲ್ಲಿ ನೀವು ನೀತಿ ಹೇಳಲು ನಿಂತಿದ್ದೀರಿ. ಅದನ್ನು ಕಿತ್ತುಹಾಕಿದರೆ ಕಥೆ ಉಸಿರಾಡುತ್ತದೆ."

ಗಾಜಕ್ಕನ ಮೈ ಉರಿಯಿತು. ಆದರೂ ಆ ಪ್ಯಾರಾ ತೆಗೆದು ಓದಿದಳು. ಮಾತು ನಿಜವಿತ್ತು. ನಿಜವಿದ್ದದ್ದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಗುರುತಿಲ್ಲದವರು ಗಂಟೆಗಟ್ಟಲೆ ಕೂತು ಇನ್ನೊಬ್ಬರ ಬರಹ ತಿದ್ದುತ್ತಾರೆಂದರೆ, ಒಳಗೆ ಏನೋ ಇದ್ದೇ ಇರಬೇಕು.

ಎರಡನೆಯ ಕಥೆಗೆ ಒಂಬತ್ತು ತಪ್ಪು. ಮೂರನೆಯದಕ್ಕೆ ನಾಲ್ಕು, ಜೊತೆಗೆ ಒಂದು ಮಾತು: "ತಂಗಿಗೆ ದುಃಖವಾಯಿತು ಅಂತ ಐದು ಸಲ ಹೇಳಿದ್ದೀರಿ. ಅವಳು ಆಗ ಕೈಯಲ್ಲಿ ಏನು ಮಾಡುತ್ತಿದ್ದಳು? ಅದನ್ನು ಹೇಳಿ ಸಾಕು." ನಾಲ್ಕನೆಯ ಕಥೆಯಲ್ಲಿ ತಂಗಿ ಅಳಲಿಲ್ಲ, ಸತ್ತ ಗಂಡನ ಅಂಗಿಯಲ್ಲಿ ಕಿತ್ತುಹೋಗಿದ್ದ ಗುಂಡಿ ಹಚ್ಚಿದಳು. ಬಳಗದಲ್ಲಿ ಅರವತ್ತು ಜನ ಅದಕ್ಕೆ ಮೆಚ್ಚುಗೆ ಒತ್ತಿದರು. ಹೀಗೆ ಗಾಜಕ್ಕ ಬೈದುಕೊಳ್ಳುತ್ತಲೇ ಕಲಿತಳು, ಕಲಿಯುತ್ತಲೇ ಬೈದುಕೊಂಡಳು.

ಏಳನೆಯ ಕಥೆಗೆ ಬಂದ ಟಿಪ್ಪಣಿ ಅವಳ ನಿದ್ದೆಗೆಡಿಸಿತು. "ನಿಮ್ಮ ಕಾವಲುಗಾರ ಏನನ್ನೇ ನಂಬುವ ಮೊದಲು ಬೆಳಕಿಗೆ ಹಿಡಿದು ಓರೆ ಮಾಡಿ ನೋಡುತ್ತಾನೆ. ಚೀಟಿಯನ್ನೂ, ಚಮಚವನ್ನೂ, ಮೀನನ್ನೂ ಕೂಡ. ನೀವು ಗಾಜಿನ ಕೆಲಸದವರೇ? ಇನ್ನೊಂದು, ನಿಮ್ಮ ಮನೆಯಲ್ಲಿ ಅತ್ತೆ ಬಾಗಿಲು ತಟ್ಟದೆ ಒಳಗೆ ಬರುತ್ತಾರೇನು?"

ಬರುತ್ತಿದ್ದರು. ಬೆಕ್ಕಿನ ಹೆಜ್ಜೆಯಲ್ಲಿ ಅವಳ ಕೋಣೆಗೆ ಬಂದು, "ಬಟ್ಟೆ ಒಣಗಿತಾ ಅಂತ ನೋಡೋಕೆ ಬಂದೆ" ಅನ್ನುತ್ತಿದ್ದರು. ಒಳಗೆ ಬಟ್ಟೆ ಒಣಗಿಸುವ ಜಾಗವೇ ಇರಲಿಲ್ಲ. ಇದು ಹೊರಗಿನವರಿಗೆ ಗೊತ್ತಾಗುವ ಸಂಗತಿಯೇ? ಗಾಜಕ್ಕ ತನ್ನೊಳಗೇ ಪಂಚಾಯ್ತಿ ಕೂಡಿಸಿದಳು. ಲಿಫ್ಟ್ ರಿಪೇರಿ ಮಾಡುವ ಗಂಡ ಇರಬಹುದು, ಈಚೆಗೆ ಅವನೂ ಫೋನು ನೋಡಿ ನಗುತ್ತಾನೆ. ಅತ್ತೆಯೇ ಯಾರಿಂದಲೋ ಬರೆಸುತ್ತಿರಬಹುದು. ಎಲ್ಲಕ್ಕಿಂತ ಹೆಚ್ಚು ಅನುಮಾನ ಅಂಗಡಿಯ ಮುಂದಿನ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಅಕ್ಕನ ಮೇಲೆ. ದಿನಾ ಒಟ್ಟಿಗೆ ಊಟ ಮಾಡುವವಳು ಅವಳೊಬ್ಬಳೇ. ಅತ್ತೆಯ ಸುದ್ದಿಯೆಲ್ಲ ಅವಳಿಗೆ ಗೊತ್ತು. ಇಡೀ ದಿನ ಗಿರಾಕಿಗಳಿಂದ ಅಕ್ಷರ ಓದಿಸಿ ತಪ್ಪು ಹಿಡಿಯುವುದೇ ಅವಳ ಉದ್ಯೋಗ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಗಾಜಕ್ಕ ಮೂವರಿಗೂ ಒಂದೊಂದು ಸುಳ್ಳು ಹೇಳಿದಳು. ಯಾವ ಸುಳ್ಳು ಒತ್ತಕ್ಷರದ ಬಾಯಿಂದ ಹೊರಬೀಳುತ್ತದೋ ಅವರೇ ಕಳ್ಳರು. ಗಂಡನಿಗೆ, ತಾನು ಕಂಪ್ಯೂಟರ್ ಕ್ಲಾಸಿಗೆ ಸೇರಬೇಕೆಂದಿರುವೆ ಅಂದಳು. ಅತ್ತೆಗೆ, ಬಲಗೈ ಜೋಮು ಹಿಡಿಯುತ್ತಿದೆ ಅಂದಳು. ಪರೀಕ್ಷೆಯ ಅಕ್ಕನಿಗೆ, ಕೆಲಸ ಬಿಡುವ ಯೋಚನೆ ಇದೆ ಅಂದಳು.

ಗಂಡ ಎರಡೇ ದಿನದಲ್ಲಿ ಕ್ಲಾಸಿನ ಅರ್ಜಿ ತಂದು, ತನಗೆ ತಿಳಿದಷ್ಟು ತುಂಬಿ, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟ. ಅತ್ತೆ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಪಾತ್ರೆ ತೊಳೆದಿಟ್ಟರು. ಗಾಜಕ್ಕ ತೊಳೆದ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇವರಿಗೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಎಲ್ಲಿಂದ ಉಕ್ಕಿತು?

ಶುಕ್ರವಾರ ಅಂಗಡಿಯ ಮಾಲೀಕರು ಅವಳನ್ನು ಕರೆದು, ಮುಖ ನೋಡದೆ ಕೇಳಿದರು. "ಬಿಡೋದಾದ್ರೆ ಒಂದು ತಿಂಗಳು ಮುಂಚೆ ಹೇಳಮ್ಮ. ಇನ್ನೊಬ್ಬರನ್ನ ನೋಡ್ಕೋಬೇಕಲ್ಲ." ಅದೇ ಮಧ್ಯಾಹ್ನ ಹನ್ನೊಂದನೆಯ ಕಥೆಗೆ ಒತ್ತಕ್ಷರದ ಟಿಪ್ಪಣಿ ಬಂತು: "ಈ ಸಲ ಎಲ್ಲರೂ ಬಲೆ ಬೀಸಿಕೊಂಡು ಕೂತಿದ್ದಾರೆ, ಯಾರೂ ಬದುಕುತ್ತಿಲ್ಲ. ನಿಮ್ಮ ಗಮನ ಬೇರೆಲ್ಲೋ ಇದೆ. ಏನಾಯಿತು?"

ಗಾಜಕ್ಕನಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಪರೀಕ್ಷೆಯ ಅಕ್ಕ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಗಾಜಕ್ಕ ಎದುರಿಗೆ ನಿಂತಳು.

"ಅಕ್ಕಾ, ನಾಟಕ ಸಾಕು. ಒತ್ತಕ್ಷರ ನೀವೇ ತಾನೇ?"

"ಏನಕ್ಷರ?"

"ನನ್ನ ಕಥೆಗಳಿಗೆಲ್ಲ ತಪ್ಪು ಹುಡುಕಿ ಬರೀತಿರೋದು ನೀವು. ನನ್ನ ಮನೆ ವಿಷಯ ಎಲ್ಲ ಅಲ್ಲಿ ಹಾಕಿದೀರಿ. ಕೆಲಸ ಬಿಡ್ತೀನಿ ಅಂದಿದ್ದು ನಿಮ್ಮೊಬ್ಬರ ಹತ್ರ. ಅದು ಮಾಲೀಕರ ಕಿವಿಗೆ ಹೋಗಿದೆ."

ಅಕ್ಕ ಡಬ್ಬಿಯ ಮುಚ್ಚಳವನ್ನು ಕೆಳಗಿಟ್ಟಳು. "ಮಾಲೀಕರಿಗೆ ಹೇಳಿದ್ದು ನಾನೇ. ಹನ್ನೊಂದು ವರ್ಷದಿಂದ ಇದ್ದಾಳೆ, ಸಂಬಳ ಏರಿಸಿ, ಇಲ್ಲಾಂದ್ರೆ ಹೊರಟುಹೋಗ್ತಾಳೆ ಅಂದೆ. ನಿನಗೋಸ್ಕರ ಬಾಯಿ ಬಿಟ್ಟೆ. ಆದ್ರೆ ಕಥೆ ಅಂದ್ಯಲ್ಲ, ನೀನು ಕಥೆ ಬರೀತೀಯ ಅನ್ನೋದೇ ನಂಗೆ ಗೊತ್ತಿರಲಿಲ್ಲ ಕಣೆ."

ಒಂದು ವರ್ಷ ಗುಟ್ಟಾಗಿಟ್ಟ ಸಂಗತಿಯನ್ನು ಗಾಜಕ್ಕ ತನ್ನ ಬಾಯಿಂದಲೇ ಹೊರಹಾಕಿದ್ದಳು. ಅಕ್ಕ ಡಬ್ಬಿ ಮುಚ್ಚಿ ಎದ್ದು, ಫ್ರೇಮುಗಳ ಪೆಟ್ಟಿಗೆ ಇಡುವ ಮೂಲೆಗೆ ಹೋಗಿ ಒಬ್ಬಳೇ ಉಂಡಳು. ಮಾರನೆಯ ದಿನವೂ ಅಲ್ಲೇ, ಅದರ ಮಾರನೆಯ ದಿನವೂ ಅಲ್ಲೇ. ಗಾಜಕ್ಕ ತನ್ನ ಡಬ್ಬಿಯನ್ನು ಅರ್ಧ ಉಂಡು ಮುಚ್ಚಿಡುತ್ತಿದ್ದಳು. ಆದರೂ ಒಳಗೊಂದು ದನಿ, ಇದೂ ನಾಟಕವಾಗಿದ್ದರೆ ಅನ್ನುತ್ತಲೇ ಇತ್ತು. ಕೆಲಸ ಬಿಡುವುದಿಲ್ಲವೆಂದು ಮಾಲೀಕರಿಗೆ ಹೇಳಿ ಬಂದಳು. ಅಕ್ಕನಿಗೆ ಹೇಳಬೇಕಾದ ಮಾತು ಮಾತ್ರ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು.

ಹದಿನಾರನೆಯ ದಿನ ಅಕ್ಕನೇ ಬಂದಳು. ಕೈಯಲ್ಲಿ ಪ್ರಿಂಟ್ ತೆಗೆಸಿದ ಕಾಗದದ ಕಂತೆ. ಒತ್ತಕ್ಷರ ಎಂಬ ಹೆಸರನ್ನೇ ಹಿಡಿದು ಆ ಬಳಗವನ್ನು ಹುಡುಕಿ ಹನ್ನೊಂದು ಕಥೆಗಳನ್ನೂ ಓದಿದ್ದಳು.

"ಕೂತ್ಕೋ. ಇಲ್ಲಿ ನೋಡು, ಕಾವಲುಗಾರನ ಅತ್ತೆ ಬಟ್ಟೆ ನೋಡೋಕೆ ಬಂದೆ ಅಂತ ಮೂರು ಕಥೆಯಲ್ಲಿ ಒಳಗೆ ಬಂದಿದ್ದಾಳೆ. ಇಲ್ಲಿ ಡಾಕ್ಟರಮ್ಮ ಒಬ್ಬಳಿದ್ದಾಳೆ, ಮಾತಿನ ಮಧ್ಯೆ ಮೂಗುಜ್ಜಿಕೊಳ್ತಾಳೆ. ಅದು ನಾನೇ ತಾನೇ? ಯಾರೂ ನಿನ್ನ ಗುಟ್ಟು ಕದ್ದಿಲ್ಲ. ನೀನೇ ಊರಿಗೆಲ್ಲ ಬರೆದಿಟ್ಟಿದ್ದೀಯ."

ಗಾಜಕ್ಕ ಕಾಗದಗಳನ್ನು ಒಂದೊಂದೇ ತಿರುವಿ ನೋಡಿದಳು. ಬೇರೆಯವರ ಬರಹ ಓದಿದಂತೆ ಇತ್ತು.

"ತಪ್ಪಾಯ್ತು ಅಕ್ಕ."

"ತಪ್ಪು ಆಮೇಲೆ. ಇದರಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನ ಪಡ್ತಾರಲ್ಲ, ಸುಸ್ತಾಗಲ್ವಾ ಅವರಿಗೆ?" ಎಂದು ಅಕ್ಕ ತನ್ನ ಡಬ್ಬಿಯನ್ನು ಹಳೆಯ ಜಾಗಕ್ಕೆ ತಂದಿಟ್ಟಳು. "ಆ ಗುಂಡಿ ಹಚ್ಚೋ ಕಥೆ ಚೆನ್ನಾಗಿದೆ. ಅಲ್ಲಿ ನನಗೆ ಅಳು ಬಂತು."

ಆ ವಾರ ಗಾಜಕ್ಕ ಒತ್ತಕ್ಷರಕ್ಕೆ ನೇರವಾಗಿ ಬರೆದಳು: ನೀವು ಯಾರು, ನಿಮಗೆ ಇದರಿಂದ ಏನು ಸಿಗುತ್ತದೆ? ಉತ್ತರ ನಾಲ್ಕೇ ಸಾಲು. "ವಿಮಾ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಸುಳ್ಳು ಅರ್ಜಿ ಹಿಡಿಯುವ ಕೆಲಸ ಮಾಡಿದೆ. ಜನ ಬರೆದ ಅಪಘಾತದ ವಿವರ ಓದಿ, ಯಾವ ಸಾಲು ನಡೆದದ್ದು, ಯಾವ ಸಾಲು ಕಟ್ಟಿದ್ದು ಎಂದು ಹೇಳಬೇಕಿತ್ತು. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರುವುದಿಲ್ಲ. ನಿಮ್ಮ ಕಟ್ಟುಕಥೆಯಲ್ಲಿ ನಡೆದ ಸಾಲುಗಳು ಬಹಳ ಇವೆ, ಅದಕ್ಕೆ ಓದುತ್ತೇನೆ."

ಗಾಜಕ್ಕ ನಂಬಲಿಲ್ಲ. ನಂಬರು ಕೇಳಿ ತರಿಸಿಕೊಂಡು ಫೋನು ಮಾಡಿದಳು. ಎತ್ತಿದ್ದು ಒಬ್ಬ ವಯಸ್ಸಾದ ಹೆಂಗಸು, ಗಂಟಲು ಸ್ವಲ್ಪ ಒಡಕು.

"ಯಾವ ಕಂಪನಿ ನಿಮ್ಮದು?"

"ಅದು ಹೇಳಲ್ಲಮ್ಮ. ನೀವು ಗಾಜಿನ ಕೆಲಸ ಮಾಡೋದು ಎಲ್ಲಿ ಅಂತ ನಾನು ಕೇಳಿದ್ನಾ?"

"ಇಲ್ಲ."

"ಕೇಳಿದ್ರೆ ಹೇಳ್ತಿದ್ರಾ?"

"ಇಲ್ಲ."

"ಹಾಗಾದ್ರೆ ನಾವಿಬ್ಬರೂ ಸರಿಯಾಗಿದ್ದೀವಿ. ಈಗ ಒಂದು ಮಾತು. ಆ ದೀಪಸ್ತಂಭ ಬಿಟ್ಟು ಕೆಳಗೆ ಇಳಿದು ಬನ್ನಿ. ಕಾವಲುಗಾರನ ಅಂಗಿ ತೊಡಿಸಿ ನಿಮ್ಮವರನ್ನೇ ಬರೀತಿದ್ದೀರಿ. ಅಂಗಿ ತೆಗೆದು ಬರೀರಿ."

ಇದರ ಹಿಂದೆ ಏನು ಹುನ್ನಾರ ಎಂದು ಗಾಜಕ್ಕ ಒಂದು ತಿಂಗಳು ಯೋಚಿಸಿದಳು. ಬಳಗದಿಂದ ತನ್ನನ್ನು ಹೊರಗೆ ಹಾಕುವ ಉಪಾಯವೇ? ಆಮೇಲೆ ಬರೆದಳು. ದೀಪಸ್ತಂಭ ಇಲ್ಲ, ಕಳ್ಳಸಾಗಣೆ ಇಲ್ಲ. ಮನೆಯವರಿಗೆಲ್ಲ ಒಂದೊಂದು ಸುಳ್ಳು ಹೇಳಿ, ಅವರು ತೋರಿದ ಕಾಳಜಿಯನ್ನು ತಾಳಲಾರದೆ ಒದ್ದಾಡುವ ಹೆಂಗಸಿನ ಕಥೆ. ಒತ್ತಕ್ಷರ ಅದನ್ನು ಮೂರು ಸಲ ತಿದ್ದಿಸಿದರು, ನಾಲ್ಕನೆಯ ಸಲ ಒಂದು ಅಲ್ಪವಿರಾಮ ಮಾತ್ರ ತೆಗೆಸಿದರು. ಪರೀಕ್ಷೆಯ ಅಕ್ಕ ತಾನೇ ಲಕೋಟೆಗೆ ಹಾಕಿ ಒಂದು ವಾರಪತ್ರಿಕೆಗೆ ಕಳಿಸಿದಳು. ಐದು ತಿಂಗಳ ಮೇಲೆ ಅದು ಅಚ್ಚಾಯಿತು, ಗಾಜಕ್ಕನ ನಿಜವಾದ ಹೆಸರಿನಲ್ಲಿ.

ಆ ದಿನದಿಂದ ಮನೆಯ ಗಾಳಿ ಬದಲಾಯಿತು. ಗಂಡ ಪತ್ರಿಕೆಯನ್ನು ಎರಡು ಸಲ ಓದಿ, ಮಡಚಿ, ಮತ್ತೆ ಬಿಚ್ಚಿದ.

"ಈ ಪೆನ್ಸಿಲ್ ಗುರುತು ಹಾಕೋನು ನಾನಾ?"

"ಅಲ್ಲ. ಕಥೆ ಅದು."

"ಹೂಂ," ಅಂದ, ನಂಬಲಿಲ್ಲ. ಆಮೇಲೆ ಅವಳೆದುರು ಫೋನಿನಲ್ಲಿ ಮಾತಾಡುವಾಗ ಬಾಲ್ಕನಿಗೆ ಹೋಗತೊಡಗಿದ. ಮೈದುನನ ಹೆಂಡತಿ ಬಂದರೆ ಅತ್ತೆ ಕಣ್ಸನ್ನೆ ಮಾಡಿ, "ಅವಳ ಮುಂದೆ ಬೇಡ, ಬರೆದುಬಿಡ್ತಾಳೆ" ಎಂದು ಪಿಸುಗುಡುವುದು ಗೋಡೆಯಾಚೆಗೂ ಕೇಳುತ್ತಿತ್ತು. ಇಷ್ಟು ವರ್ಷ ಅವಳು ಎಲ್ಲರನ್ನೂ ಓರೆಗಣ್ಣಿನಿಂದ ನೋಡಿದ್ದಳು. ಈಗ ಎಲ್ಲರೂ ಅವಳನ್ನು ಹಾಗೆ ನೋಡುತ್ತಿದ್ದರು. ಅದು ಇಷ್ಟು ಚುಚ್ಚುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ಮಡಚುತ್ತಿದ್ದಾಗ ಬಾಗಿಲ ಮೇಲೆ ಎರಡು ಸಲ ಸದ್ದಾಯಿತು. ಅತ್ತೆ ನಿಂತಿದ್ದರು. ಒಳಗೆ ಬಂದು ಮಂಚದ ತುದಿಯಲ್ಲಿ ಕೂತು, ಸೆರಗನ್ನು ಬೆರಳಿಗೆ ಸುತ್ತತೊಡಗಿದರು.

"ನನ್ನ ವಿಷಯ ಬರೆಯೋದೇ ಆದ್ರೆ," ಅಂದರು, "ಸುಮ್ನೆ ಊಹೆ ಮಾಡಿ ಬರೀಬೇಡ. ನಾನೇ ಹೇಳ್ತೀನಿ. ನನ್ನ ಮದುವೆಗೆ ಎಂಟು ದಿನ ಮುಂಚೆ ನಾನು ಮನೆ ಬಿಟ್ಟು ಹೋಗಿದ್ದೆ. ಬಸ್ ಸ್ಟ್ಯಾಂಡ್ ತನಕ. ನಿಮ್ಮ ಮಾವನಿಗೆ ಕೊನೇವರೆಗೂ ಗೊತ್ತಾಗಲಿಲ್ಲ."

ಗಾಜಕ್ಕನ ಕೈ ನಿಂತಿತು. ಅತ್ತೆ ಬಸ್ಸಿನ ಬಣ್ಣ ಹೇಳಿದರು, ಬೆಂಚಿನ ಮೇಲೆ ಪಕ್ಕದಲ್ಲಿ ಕೂತವಳ ಕೈಚೀಲ ಎಂಥದ್ದೆಂದು ಹೇಳಿದರು, ಬಸ್ಸು ಹೊರಟದ್ದು ನಾಲ್ಕೂ ಹದಿನೇಳಕ್ಕೆ ಅಂದರು.

ನಲವತ್ತೈದು ವರ್ಷದ ಹಿಂದಿನ ಬಸ್ಸು, ನಾಲ್ಕೂ ಹದಿನೇಳು. ಈ ಸಾಲು ನಡೆದದ್ದೋ, ಕಟ್ಟಿದ್ದೋ? ಗಾಜಕ್ಕ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆಯೂ ಅವಳನ್ನೇ ನೋಡುತ್ತಿದ್ದರು. ಅವಳು ಮಡಚಿದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೂರಲು ಇನ್ನಷ್ಟು ಜಾಗ ಮಾಡಿದಳು.

"ಆಮೇಲೆ?" ಅಂದಳು.