ಬಲಗೈಯ ಉಗುರು

ನಮ್ಮ ಮಹಡಿಯ ಮೇಲಿನ ಗುಮಾಸ್ತರು ಗಿಟಾರ್ ನುಡಿಸುವುದಿಲ್ಲ, ಗಿಟಾರ್ ಕಲಿಯುತ್ತಾರೆ. ಅದೂ ಪ್ಲಾಸ್ಟಿಕ್ ಬಿಲ್ಲೆ ಹಿಡಿದು ಗೀಚುವ ಪೈಕಿಯಲ್ಲ, ಒಂದೊಂದು ಬೆರಳಿನಿಂದ ಒಂದೊಂದು ತಂತಿ ಮೀಟುವ ಪೈಕಿ. ಅದಕ್ಕೆಂದೇ ಬಲಗೈಯ ಉಗುರುಗಳನ್ನು ಎಣ್ಣೆ ಹಚ್ಚಿ, ನಯವಾಗಿ ಉಜ್ಜಿ, ಹಸುಗೂಸಿನ ಹಾಗೆ ಸಾಕಿದ್ದರು. ಹೆಂಡತಿ ಪಾತ್ರೆ ತೊಳೆಯಲು ಕರೆದರೆ "ಉಗುರಿದೆಯಲ್ಲೇ" ಎನ್ನುವರು. ಡಬ್ಬಿಯ ಮುಚ್ಚಳ ತೆಗೆಯಲು ಕರೆದರೂ ಅದೇ ಉತ್ತರ. ಬಸ್ಸಿನ ಕಂಬಿ, ಆಫೀಸಿನ ಮೇಜು, ಸಿಕ್ಕಿದ್ದೆಲ್ಲದರ ಮೇಲೂ ಹೆಬ್ಬೆರಳು, ತೋರುಬೆರಳು, ಮತ್ತೆ ಹೆಬ್ಬೆರಳು. ಹಾಡು ಮಾತ್ರ ಮೊದಲ ಸಾಲು ದಾಟಿದ್ದಿಲ್ಲ. "ಒಂದು ಹಾಡು ಪೂರ್ತಿ ಕೇಳಿಸಿಬಿಡೋ, ನೆಮ್ಮದಿಯಾಗಿ ಕಣ್ಮುಚ್ತೀನಿ" ಎಂದು ಅವರ ತಂದೆ ಗೊಣಗುವರು. "ಬೆರಳು ಪಳಗಬೇಕಪ್ಪ" ಎಂದು ಇವರು. ಆಮೇಲೆ ತಂದೆಗೆ ಲಕ್ವ ಹೊಡೆಯಿತು. ಮೈ ತೊಳೆಸುವ ಕೆಲಸ ಇವರದಾಯಿತು. ಉಗುರು ತಾಗಿದರೆ ಸಾಕು, ಮುದುಕರ ಚರ್ಮ ಗೀರಿಹೋಗುತ್ತಿತ್ತು. ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಾಗ ನೋಡಿದರೆ ಉಗುರೆಲ್ಲ ಬುಡಮಟ್ಟ ಕತ್ತರಿಸಿಕೊಂಡಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ, "ದೊಡ್ಡ ದೊಡ್ಡೋರೆಲ್ಲ ಬರೀ ಬೆರಳಲ್ಲೇ ಮೀಟೋದು ಸಾರ್, ನಾದ ಮೆತ್ತಗೆ ಬರುತ್ತೆ" ಎಂದು ನನಗೇ ಪಾಠ ಹೇಳಿದರು. ನಿಜ, ಈಗ ತಂದೆಯ ಹಾಸಿಗೆಯ ಪಕ್ಕದಿಂದ ಮೆತ್ತಗೇ ಕೇಳುತ್ತದೆ. ಹಾಡೂ ಕೊನೆಯ ಸಾಲಿನವರೆಗೆ ಬರುತ್ತದೆ. ಅಲ್ಲಿ ಒಂದು ಗಳಿಗೆ ನಿಂತು, ಆ ಸಾಲು ಮುಟ್ಟದೆ, ಗುಮಾಸ್ತರು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.